ಬೆಂಕಿಕಡ್ಡಿಗಳ ಮೋಜು

ಕಳೆದ ಮಳೆಗಾಲದ ಒಂದು ರಾತ್ರಿ ಹಾಸ್ಟೆಲ್ ಕೋಣೆಯ ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ ಸುರಿದುಕೊಂಡು ಕೂತೆ. ಪುಸ್ತಕಗಳ ರಾಶಿಗೆ ಮೊಬೈಲ್ ಒರಗಿಸಿ, ಕಡ್ಡಿಗಳನ್ನು ಒಂಚೂರು ಸರಿಸುವುದು, ಒಂದು ಫೋಟೋ ತೆಗೆಯುವುದು. ಸೆಕೆಂಡಿಗೆ 12 ಚಿತ್ರದಂತೆ ನನ್ನ ಕಡ್ಡಿಮನುಷ್ಯ ಐದು ಸೆಕೆಂಡು ನಡೆಯಬೇಕಾದರೆ 60 ಸಲ. ನಲವತ್ತು ದಾಟಿರಬೇಕು, ಯಾರೋ ಬಾಗಿಲು ತೆರೆದರು, ಗಾಳಿಗೆ ಅವನ ಕಾಲು ಹಾರಿಹೋಯಿತು. ಮತ್ತೆ ಮೊದಲಿನಿಂದ.

ಇದಕ್ಕೆ ಕಾರಣ ದಾದಾಸಾಹೇಬ್ ಫಾಲ್ಕೆ. 1915ರಲ್ಲಿ ಅವರು 'ಆಗಕಾಡ್ಯಾಂಚೀ ಮೌಜ್' ಎಂಬ ಕಿರುಚಿತ್ರ ಮಾಡಿದ್ದರು. ಬೆಂಕಿಕಡ್ಡಿಗಳ ಮೋಜು ಎಂದು ಅರ್ಥ. ಅದರ ಪ್ರತಿ ಉಳಿದಿಲ್ಲ. ನೋಡಲು ಸಿಗದ್ದನ್ನು ಮಾಡಿಯಾದರೂ ನೋಡೋಣ ಎಂಬ ಹುಚ್ಚು ನನ್ನದು.

ಅನಿಮೇಷನ್ ಕಲಿಸುವ ಶಾಲೆಗಳಿಲ್ಲದ ಆ ಕಾಲದಲ್ಲಿ ಬೆಂಕಿಕಡ್ಡಿ ಊರಿಂದೂರಿಗೆ ತಿರುಗಿದ ಮೇಷ್ಟರಂತಿತ್ತು. ಪ್ಯಾರಿಸ್ಸಿನ ವ್ಯಂಗ್ಯಚಿತ್ರಕಾರ ಎಮಿಲ್ ಕೋಲ್ 1908ರಲ್ಲಿ ಸುಮಾರು 700 ಚಿತ್ರ ಬರೆದು ಎರಡು ನಿಮಿಷಕ್ಕೂ ಕಡಿಮೆ ಅವಧಿಯ 'ಫ್ಯಾಂಟಸ್ಮಗೋರಿ' ಮಾಡಿದಾಗ ಅವನಿಗೆ 51 ವರ್ಷ. ಅದೇ ವರ್ಷ ಕಡ್ಡಿಗಳನ್ನೂ ಕುಣಿಸಿದ. ಆ ಕಡ್ಡಿಚಿತ್ರ ನೋಡಿದವರಲ್ಲಿ ಕೌನಾಸ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿದ್ದ ಲಾಡಿಸ್ಲಾಸ್ ಸ್ಟಾರೆವಿಚ್ ಒಬ್ಬ. ಅವನಿಗೆ ಬೇಕಿದ್ದದ್ದು ಎರಡು ಕೊಂಬಿನ ಜೀರುಂಡೆಗಳ ಕಾದಾಟ. ನಿಶಾಚರಿ ಹುಳುಗಳು; ದೀಪ ಹಚ್ಚಿದರೆ ಅಲುಗಾಡುತ್ತಿರಲಿಲ್ಲ. ಕಡ್ಡಿಗಳನ್ನು ಕಂಡಮೇಲೆ ಅವನಿಗೆ ದಾರಿ ಹೊಳೆಯಿತು. ಸತ್ತ ಜೀರುಂಡೆಯ ಕಾಲುಗಳನ್ನು ಬಿಡಿಸಿ, ಮೇಣದಿಂದ ಮತ್ತೆ ಅಂಟಿಸಿ, ಬೇಕಾದಂತೆ ಬಾಗಿಸಿದ. 1910ರಿಂದ 1912ರ ನಡುವಿನ ಅವನ ಕೀಟಚಿತ್ರಗಳನ್ನು ನೋಡಿ ಲಂಡನ್ನಿನ ಪತ್ರಿಕೆಯವರು ಯಾರೋ ಜೀವಂತ ಹುಳುಗಳನ್ನೇ ಪಳಗಿಸಿದ್ದಾರೆ ಎಂದು ನಂಬಿದರಂತೆ.

ಕಡ್ಡಿಯೇ ಏಕೆ? ಅಗ್ಗ, ನೆಟ್ಟಗಿರುತ್ತದೆ, ಮುಖವಿಲ್ಲ. ನಡಿಗೆ ತಪ್ಪಿದರೆ ತಪ್ಪನ್ನು ಮುಚ್ಚಿಡಲು ಬಟ್ಟೆಯಿಲ್ಲ, ಬಣ್ಣವಿಲ್ಲ.

ಫಾಲ್ಕೆಯವರ ಮೊದಲ ಪಾಠ ಮಾತ್ರ ಕಡ್ಡಿಯದಲ್ಲ, ಬಟಾಣಿಯದು. 1912ರಲ್ಲಿ ವಿಮಾ ಪಾಲಿಸಿ ಅಡವಿಟ್ಟು ಲಂಡನ್ನಿಗೆ ಹೋಗಿ ಬಂದಿದ್ದರು. ವಿಲಿಯಮ್ಸನ್ ಕ್ಯಾಮೆರಾ ಬಂತು, ಕೈ ಬರಿದಾಯಿತು. ಕುಂಡದಲ್ಲಿ ಕಾಳು ಊರಿ, ದಿನವೂ ಒಂದಿಷ್ಟು ಫ್ರೇಮಿನಂತೆ ತಿಂಗಳಿಗೂ ಮಿಕ್ಕಿ ಚಿತ್ರೀಕರಿಸಿದರು. ಮೊಳಕೆಯೊಡೆದು ಬಳ್ಳಿಯಾಗುವುದು ಕಣ್ಣೆದುರೇ ನಡೆದುಹೋಯಿತು. ಹಣ ಹಾಕುವವರ ಮುಂದೆ ಅವರು ಇಟ್ಟ ಸಾಕ್ಷಿ ಈ ಪುಟ್ಟ ಚಿತ್ರವೇ. 1913ರ ಮೇ 3ರಂದು ಬಿಡುಗಡೆಯಾದ 'ರಾಜಾ ಹರಿಶ್ಚಂದ್ರ'ದ ಬೇರು ಈ ಕುಂಡದಲ್ಲೂ ಇದೆ.

ಇಂಥವರನ್ನೆಲ್ಲ ನಾವು 'ಸ್ವಯಂಕಲಿತರು' ಎಂದುಬಿಡುತ್ತೇವೆ. ಬರೆಯಲು ಸಲೀಸಾದ ಪದ, ನನ್ನ ಪ್ರಬಂಧದ ಮೊದಲ ಕರಡಿನಲ್ಲೂ ಇತ್ತು. ಆದರೆ ಫಾಲ್ಕೆ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ, ಬರೋಡದ ಕಲಾಭವನದಲ್ಲಿ ಕಲಿತವರು. ಫೋಟೋಗ್ರಫಿ, ಕಲ್ಲಚ್ಚು, ಜಾದೂ ಎಲ್ಲವನ್ನೂ ಕೈಯಾರೆ ಮಾಡಿದವರು. ಕೋಲ್‌ಗೆ ವ್ಯಂಗ್ಯಚಿತ್ರದ ದಶಕಗಳ ರೂಢಿಯಿತ್ತು, ಸ್ಟಾರೆವಿಚ್‌ಗೆ ಕೀಟದ ಕೀಲುಕೀಲೂ ಗೊತ್ತಿತ್ತು. ಗುರುವಿರಲಿಲ್ಲ ಎಂದರೆ ಬಂಡವಾಳ ಇರಲಿಲ್ಲ ಎಂದಲ್ಲ.

ಒಂಟಿಯಾಗಿದ್ದರು ಎಂದೂ ಅಲ್ಲ. ಫಿಲ್ಮಿಗೆ ರಂಧ್ರ ಹೊಡೆಯುವುದು, ಅದನ್ನು ತೊಳೆದು ಚಿತ್ರ ಮೂಡಿಸುವುದು ಸರಸ್ವತಿಬಾಯಿ ಫಾಲ್ಕೆ ಕಲಿತ ಕೆಲಸ. ಅದೂ ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸಿದ ಮೇಲೆ. ಅವರೂ ಯಾವ ಶಾಲೆಗೂ ಹೋಗಿ ಇದನ್ನು ಕಲಿಯಲಿಲ್ಲ. ಆದರೂ 'ಸ್ವಯಂಕಲಿತ' ಎಂಬ ಪದ ಅವರ ಹೆಸರಿನ ಹಿಂದೆ ಬಂದದ್ದನ್ನು ನಾನಂತೂ ಕಂಡಿಲ್ಲ. ಕರಡಿನಲ್ಲಿ ಆ ಪದ ಹೊಡೆದುಹಾಕಿದೆ. ಬದಲಿಗೆ ಏನು ಬರೆಯಬೇಕೆಂದು ಮಾರ್ಗದರ್ಶಕರು ಕೇಳಿದ್ದಾರೆ.

ನನ್ನ ಐದು ಸೆಕೆಂಡು ಮೂರನೇ ರಾತ್ರಿಗೆ ಮುಗಿಯಿತು. ಕಡ್ಡಿಮನುಷ್ಯ ನಡೆಯುತ್ತಾನೆ, ನಡುವೆ ಎಲ್ಲೋ ಎಡಗಾಲು ಎಳೆಯುತ್ತಾನೆ. ಫಾಲ್ಕೆಯವರ ಕಡ್ಡಿಗಳು ಎಲ್ಲಿ ಎಡವಿದ್ದವೋ ನೋಡಬೇಕಿತ್ತು.