ತುಕ್ಕು ಹಿಡಿದ ಬೋಲ್ಟ್‌ಗೆ ಕೋಲಾ ಸುರಿದರೆ ಸಡಿಲವಾಗುತ್ತದೆಯೇ?

ಎಂಜಿನ್‌ನ ಬೋಲ್ಟ್ ಕಚ್ಚಿಕೊಂಡರೆ ಕೋಲಾ ಸುರಿಯಿರಿ, ಇಲ್ಲವೇ ಬೆಂಕಿಯಲ್ಲಿ ಕಾಯಿಸಿ ಎನ್ನುವ ಸಲಹೆಗಳಿವೆ. ನಿಜವೆಷ್ಟು? ನೋಡೋಣ.

ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲವಿದೆ, ಅದು ತುಕ್ಕನ್ನು ಕರಗಿಸುತ್ತದೆ. ಆದರೆ ಅದರ ಪ್ರಮಾಣ ತೀರಾ ಕಡಿಮೆ. ಬಿಚ್ಚಿದ ಬೋಲ್ಟನ್ನು ರಾತ್ರಿಯಿಡೀ ನೆನೆಸಿಡಲು ಸರಿ; ಎಂಜಿನ್ ಮೇಲೆ ಸುರಿದರೆ ಉಳಿಯುವುದು ಸಕ್ಕರೆಯ ಅಂಟು ಮಾತ್ರ.

ಕಬ್ಬಿಣ ತುಕ್ಕಾದಾಗ ಹಿಗ್ಗಿ ಹೆಚ್ಚು ಜಾಗ ಆಕ್ರಮಿಸುತ್ತದೆ. ಹೀಗಾಗಿ ಥ್ರೆಡ್‌ಗಳ ನಡುವೆ ಬಿಗಿತ ಉಂಟಾಗುತ್ತದೆ. ಆ ಸಂದಿಗೆ ಇಳಿಯಲು ತೆಳುವಾದ ಪೆನೆಟ್ರೇಟಿಂಗ್ ಆಯಿಲ್ ಬೇಕು. ಅದನ್ನು ಹಾಕಿ ಕೆಲವು ಗಂಟೆ ಬಿಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆರು ಮೂಲೆಯ ಸಾಕೆಟ್ ಬಳಸಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಒಮ್ಮೆಲೇ ಬಲ ಹಾಕಿದರೆ ಬೋಲ್ಟ್ ತಲೆಯೇ ಮುರಿದೀತು.

ಕಾಯಿಸಿದರೆ ನಟ್ ಹಿಗ್ಗಿ ಸಡಿಲವಾಗುವುದು ನಿಜ. ಆದರೆ ಪೆನೆಟ್ರೇಟಿಂಗ್ ಆಯಿಲ್ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇರಬಹುದು. ಕ್ಲೋರಿನ್‌ಯುಕ್ತ ಬ್ರೇಕ್ ಕ್ಲೀನರ್ ಹಾಕಿದ ಜಾಗಕ್ಕೆ ಬೆಂಕಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಆದ್ದರಿಂದ ಬೆಂಕಿಯ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ಕೋಲಾ ಸಲಹೆ ಅರ್ಧಸತ್ಯ, ಬೆಂಕಿ ಸಲಹೆ ಅಪಾಯಕಾರಿ. ಫಾರ್ವರ್ಡ್ ಮಾಡುವುದಿದ್ದರೆ ಈ ಎಚ್ಚರಿಕೆಯನ್ನೂ ಸೇರಿಸಿ.