ಫಿಸಿಷಿಯನ್ ಅಸಿಸ್ಟೆಂಟ್ / ಫಿಸಿಷಿಯನ್ ಅಸೋಸಿಯೇಟ್: ಪದನಾಮ ಹಾಗೂ ನೋಂದಣಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಫಿಸಿಷಿಯನ್ ಅಸಿಸ್ಟೆಂಟ್ ಪದವಿ ಪಡೆದವರು ಹಾಗೂ ಸದರಿ ವ್ಯಾಸಂಗಕ್ಕೆ ಸೇರಬಯಸುವ ಅಭ್ಯರ್ಥಿಗಳು ಮತ್ತು ಅವರ ಪೋಷಕರಿಗೆ ಪದನಾಮ, ನೋಂದಣಿ ಮತ್ತು ಕಾರ್ಯವ್ಯಾಪ್ತಿಯ ಬಗ್ಗೆ ಇರುವ ಸಂದೇಹಗಳ ನಿವಾರಣೆಗಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಹಿನ್ನೆಲೆ

ಭಾರತದಲ್ಲಿ ಈ ವೃತ್ತಿಯ ಶಿಕ್ಷಣವು 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ, ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅವರ ಮುತುವರ್ಜಿಯಿಂದ ಆರಂಭವಾಯಿತು. ತದನಂತರ ಸುಮಾರು ಮೂರು ದಶಕಗಳ ಕಾಲ ವಿಶ್ವವಿದ್ಯಾಲಯಗಳು ಪದವಿ ನೀಡುತ್ತಾ ಬಂದರೂ, ಪದವೀಧರರ ಹೆಸರನ್ನು ದಾಖಲಿಸುವ ರಾಷ್ಟ್ರಮಟ್ಟದ ಶಾಸನಬದ್ಧ ವಹಿ ಇರಲಿಲ್ಲ. ಆಸ್ಪತ್ರೆಯು ನೀಡಿದ ನೇಮಕಾತಿ ಪತ್ರವೇ ಅವರ ಗುರುತಾಗಿತ್ತು.

ಈ ಕೊರತೆಯನ್ನು ನೀಗಿಸಲು ಸಂಸತ್ತು ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಅಧಿನಿಯಮ, 2021ನ್ನು ಅಂಗೀಕರಿಸಿದ್ದು, 28-03-2021ರಂದು ರಾಷ್ಟ್ರಪತಿಗಳ ಅಂಕಿತ ದೊರೆತಿರುತ್ತದೆ. ಅಧಿನಿಯಮದ ಅನುಸೂಚಿಯಲ್ಲಿ ಹತ್ತು ವೃತ್ತಿ ವರ್ಗಗಳಿದ್ದು, ಅವುಗಳಲ್ಲಿ ‘ಮೆಡಿಕಲ್ ಟೆಕ್ನಾಲಜಿಸ್ಟ್ ಮತ್ತು ಫಿಸಿಷಿಯನ್ ಅಸೋಸಿಯೇಟ್’ ಎಂಬುದೂ ಒಂದು. ರಾಜ್ಯಗಳಲ್ಲಿ ಅನುಷ್ಠಾನವು ವಿಳಂಬವಾದುದರಿಂದ, ಮಾನ್ಯ ಸರ್ವೋಚ್ಚ ನ್ಯಾಯಾಲಯವು ಆಗಸ್ಟ್ 2024ರಲ್ಲಿ ಎರಡು ತಿಂಗಳ ಗಡುವು ವಿಧಿಸಿ ನಿರ್ದೇಶನ ನೀಡಿತು. ಏಪ್ರಿಲ್ 2025ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಹತ್ತು ವೃತ್ತಿಗಳಿಗೆ ಏಕರೂಪ ಪಠ್ಯಕ್ರಮವನ್ನು ಬಿಡುಗಡೆ ಮಾಡಿದ್ದು, ಅದರಲ್ಲಿ ಫಿಸಿಷಿಯನ್ ಅಸೋಸಿಯೇಟ್ ಸಹ ಸೇರಿದೆ.

ಪದನಾಮದ ಗೊಂದಲ

ಅಧಿನಿಯಮದಲ್ಲಿರುವ ಪದ ‘ಅಸೋಸಿಯೇಟ್’. ಆದರೆ ಅನೇಕರ ಪದವಿ ಪ್ರಮಾಣಪತ್ರದಲ್ಲಿರುವುದು ‘ಅಸಿಸ್ಟೆಂಟ್’. ಇವೆರಡೂ ಬೇರೆ ಬೇರೆ ವೃತ್ತಿಗಳೆಂದು ಆತಂಕಪಡುವ ಅಗತ್ಯವಿಲ್ಲ. ಅರ್ಜಿಯಲ್ಲಿ ವಿದ್ಯಾರ್ಹತೆಯನ್ನು ಪ್ರಮಾಣಪತ್ರದಲ್ಲಿ ಇರುವಂತೆಯೇ ನಮೂದಿಸುವುದು ಸೂಕ್ತ. ಹೊಸ ಪದನಾಮಕ್ಕೆ ಹೊಂದುವಂತೆ ತಾವೇ ತಿದ್ದಿ ಬರೆದಲ್ಲಿ ದಾಖಲೆಗಳ ಪರಿಶೀಲನೆಯ ವೇಳೆ ತೊಡಕಾಗುತ್ತದೆ.

ಹೊರದೇಶಗಳಲ್ಲಿಯೂ ಈ ಹೆಸರು ಸ್ಥಿರವಾಗಿಲ್ಲ. ಅಮೆರಿಕದ ವೃತ್ತಿಸಂಘವು ಮೇ 2021ರಲ್ಲಿ ‘ಅಸಿಸ್ಟೆಂಟ್’ ಕೈಬಿಟ್ಟು ‘ಅಸೋಸಿಯೇಟ್’ ಎಂಬುದನ್ನು ಅಂಗೀಕರಿಸಿತು. ಆದರೆ ಅಲ್ಲಿ ಲೈಸೆನ್ಸ್ ನೀಡುವುದು ಆಯಾ ರಾಜ್ಯವಾದುದರಿಂದ, ರಾಜ್ಯದ ಕಾನೂನು ಬದಲಾಗುವವರೆಗೆ ಹಳೆಯ ಪದನಾಮವೇ ಕಾನೂನುಬದ್ಧ. 2024ರಲ್ಲಿ ಒರೆಗಾನ್ ಈ ಬದಲಾವಣೆ ಮಾಡಿದ ಮೊದಲ ರಾಜ್ಯವಾಯಿತು. ಬ್ರಿಟನ್ನಿನದು ಇದಕ್ಕೆ ತದ್ವಿರುದ್ಧ. ಅಲ್ಲಿ 2014ರಲ್ಲಿಯೇ ‘ಅಸೋಸಿಯೇಟ್’ ಬಳಕೆಗೆ ಬಂದು, ಡಿಸೆಂಬರ್ 2024ರಿಂದ ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿಯೂ ಆರಂಭವಾಯಿತು. ಆದರೆ ರೋಗಿಗಳು ಇವರನ್ನು ವೈದ್ಯರೆಂದೇ ಭಾವಿಸುತ್ತಾರೆಂಬ ಕಾರಣದಿಂದ ಜುಲೈ 2025ರ ಲೆಂಗ್ ಸಮೀಕ್ಷಾ ವರದಿಯು ಮತ್ತೆ ‘ಅಸಿಸ್ಟೆಂಟ್’ ಎಂದೇ ಕರೆಯುವಂತೆ ಶಿಫಾರಸು ಮಾಡಿತು. ಒಬ್ಬರು ಬಿಟ್ಟ ಹೆಸರನ್ನು ಮತ್ತೊಬ್ಬರು ಎತ್ತಿಕೊಳ್ಳುತ್ತಿರುವ ಈ ಸ್ಥಿತಿಯಲ್ಲಿ, ಅಭ್ಯರ್ಥಿಗಳು ಹೆಸರಿಗಿಂತ ನೋಂದಣಿಯತ್ತ ಗಮನ ಹರಿಸುವುದು ಲೇಸು.

ನೋಂದಣಿ

ಅಧಿನಿಯಮದನ್ವಯ ರಾಜ್ಯ ವಹಿಯಲ್ಲಾಗಲೀ ರಾಷ್ಟ್ರೀಯ ವಹಿಯಲ್ಲಾಗಲೀ ಹೆಸರು ದಾಖಲಾಗದವರು ಈ ವೃತ್ತಿ ನಡೆಸುವಂತಿಲ್ಲ, ಉಲ್ಲಂಘನೆಗೆ ರೂ. 50,000ದವರೆಗೆ ದಂಡ ವಿಧಿಸಬಹುದಾಗಿದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಆಸ್ಪತ್ರೆಯು ಪಡೆದ ನೋಂದಣಿಯು ಅಲ್ಲಿ ಕೆಲಸ ಮಾಡುವವರ ವೈಯಕ್ತಿಕ ನೋಂದಣಿಗೆ ಬದಲಿಯಾಗುವುದಿಲ್ಲ.

ಅಲೈಡ್ ಹೆಲ್ತ್ ವೃತ್ತಿಪರರ ಡಿಪ್ಲೊಮಾ ಅಥವಾ ಪದವಿ ವ್ಯಾಸಂಗವು ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ ಕನಿಷ್ಠ 2,000 ಗಂಟೆಗಳಷ್ಟಿರಬೇಕು. ಹೆಲ್ತ್‌ಕೇರ್ ವೃತ್ತಿಪರರ ಪದವಿಗೆ ಮೂರರಿಂದ ಆರು ವರ್ಷಗಳಲ್ಲಿ 3,600 ಗಂಟೆಗಳು. ಆದ್ದರಿಂದ ಅಂಕಪಟ್ಟಿಯೊಂದಿಗೆ ಬೋಧನೆ ಹಾಗೂ ತರಬೇತಿಯ ಗಂಟೆಗಳ ವಿವರವನ್ನು ಕಾಲೇಜಿನಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳಲು ಸಲಹೆ ನೀಡಲಾಗಿದೆ. ಕಾಲೇಜು ಬಿಟ್ಟು ವರ್ಷಗಳಾದ ಮೇಲೆ ಇದನ್ನು ಪಡೆಯುವುದು ಪ್ರಯಾಸದ ಕೆಲಸ.

ವೈದ್ಯಕೀಯ ಪ್ರಮಾಣಪತ್ರ ಪಡೆಯುವ ನಾಗರಿಕರ ಗಮನಕ್ಕೆ

ಫಿಸಿಷಿಯನ್ ಅಸೋಸಿಯೇಟ್ ವೈದ್ಯರಲ್ಲ. ವೈದ್ಯರಿಗೆ ನೆರವಾಗುವ ತರಬೇತಿ ಪಡೆದವರು. ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮ, 2019ರ ಪ್ರಕರಣ 34ರಂತೆ, ಕಾನೂನಿನ ಪ್ರಕಾರ ಅರ್ಹ ವೈದ್ಯರು ಸಹಿ ಮಾಡಬೇಕಾದ ವೈದ್ಯಕೀಯ ಅಥವಾ ದೈಹಿಕ ಅರ್ಹತಾ ಪ್ರಮಾಣಪತ್ರಕ್ಕೆ ವೈದ್ಯಕೀಯ ವಹಿಯಲ್ಲಿ ನೋಂದಾಯಿತರಾದವರು ಮಾತ್ರ ಸಹಿ ಮಾಡಬಹುದು. ಉಲ್ಲಂಘನೆಗೆ ಒಂದು ವರ್ಷದವರೆಗೆ ಕಾರಾವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಪ್ರಮಾಣಪತ್ರವನ್ನು ಸಲ್ಲಿಸುವ ಮುನ್ನ ಸಹಿಯ ಕೆಳಗೆ ವೈದ್ಯರ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು. ಅದೇ ಅಧಿನಿಯಮದ ಪ್ರಕರಣ 32ರಲ್ಲಿ ಹೇಳಿರುವ ‘ಸಮುದಾಯ ಆರೋಗ್ಯ ಸೇವಾದಾರ’ರ ಸೀಮಿತ ಲೈಸೆನ್ಸ್ ಪ್ರತ್ಯೇಕ ವ್ಯವಸ್ಥೆಯಾಗಿದ್ದು, ಫಿಸಿಷಿಯನ್ ಅಸೋಸಿಯೇಟ್ ಪದವಿಯಿಂದ ಅದು ತಾನಾಗಿಯೇ ದೊರೆಯುವುದಿಲ್ಲ.

ವಿದೇಶದಲ್ಲಿ ಉದ್ಯೋಗ

ಇಲ್ಲಿನ ಪದವಿಯಿಂದಲೇ ಅಮೆರಿಕದಲ್ಲಿ ನೌಕರಿ ಲಭ್ಯವೆಂಬ ಪ್ರಚಾರವನ್ನು ನಂಬಿ ಸಾಲ ಮಾಡಿ ಪ್ರವೇಶ ಪಡೆಯುವ ಮುನ್ನ ಪೋಷಕರು ಒಂದು ವಿಷಯವನ್ನು ತಿಳಿದಿರತಕ್ಕದ್ದು. ಅಲ್ಲಿನ ಲೈಸೆನ್ಸ್‌ಗೆ ‘ಪ್ಯಾನ್ಸ್’ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಆ ಪರೀಕ್ಷೆಗೆ ಕುಳಿತುಕೊಳ್ಳಲು ಆ ದೇಶದ ಮಾನ್ಯತಾ ಸಂಸ್ಥೆಯಿಂದ ಮಾನ್ಯತೆ ಪಡೆದ ಕೋರ್ಸನ್ನೇ ಮುಗಿಸಿರಬೇಕು. ಭಾರತದ ಯಾವುದೇ ಕೋರ್ಸು ಆ ಮಾನ್ಯತೆ ಹೊಂದಿಲ್ಲ. ಅಲ್ಲಿ ಪುನಃ ವ್ಯಾಸಂಗ ಮಾಡುವ ವೆಚ್ಚವನ್ನೂ ಲೆಕ್ಕದಲ್ಲಿಟ್ಟುಕೊಂಡು ತೀರ್ಮಾನಿಸುವಂತೆ ಕೋರಲಾಗಿದೆ.