ಸೆಟ್ಲ್‌ಮೆಂಟ್‌ನಲ್ಲೊಂದು ಬಾಡಿಗೆ ಮನೆ

"ಅಲ್ಲಿ ಯಾರ ಮನಿಗ್ರೀ ಅಕ್ಕಾರ?"

ಹುಬ್ಬಳ್ಳಿಯ ಆಟೋದವರು ಹೀಗೆ ಕೇಳಿದಾಗ ನನ್ನ ಕೈಯಲ್ಲಿ ಎರಡು ಚೀಲ, ಒಂದು ಹಾಸಿಗೆ ಸುರುಳಿ, ಹಗ್ಗ ಕಟ್ಟಿದ ಪುಸ್ತಕದ ಡಬ್ಬಿ ಇದ್ದವು. ಜಮಖಂಡಿಯಿಂದ ಬೆಳಗಿನ ಬಸ್ಸಿಗೆ ಹೊರಟು ಬಂದಿದ್ದೆ. "ನಮ್ಮ ಮನೀಗೇರಿ" ಅಂದೆ. ಅವರು ಚೀಲಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ರೋಡಿಗೆ ಬಿಡ್ತೀನ್ರಿ. ಒಳಗ ಬರೂದಿಲ್ಲ." ಒಳಗೆ ಅಂದರೆ ಸೆಟ್ಲ್‌ಮೆಂಟ್. ರಸ್ತೆಯಿಂದ ಮನೆಗೆ ಡಬ್ಬಿ ಹೊತ್ತು ತಂದವನು ಅದೇ ಓಣಿಯ ಹುಡುಗ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಹಾಸ್ಟೆಲಿನಲ್ಲಿರುವ ಅವಧಿ ಮುಗಿದಿತ್ತು, ಶಿಷ್ಯವೇತನ ಯಾವಾಗ ಬರುತ್ತದೋ ಗೊತ್ತಿರಲಿಲ್ಲ. ಧಾರವಾಡದಲ್ಲಿ ಒಂಟಿ ಹೆಣ್ಣುಮಗಳಿಗೆ ಮನೆ ಕೊಡುವವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ ಸಾಕಾಗಿತ್ತು. ನನ್ನ ಪಿಎಚ್‌ಡಿ ವಿಷಯವೇ ಮುಂಬಯಿ ಪ್ರಾಂತದ ಸೆಟ್ಲ್‌ಮೆಂಟುಗಳಾದ್ದರಿಂದ, ಬಾಡಿಗೆ ಕಡಿಮೆ ಇರುವ ಕಡೆಯೇ ಕ್ಷೇತ್ರಕಾರ್ಯವೂ ಆಗಲಿ ಎಂದು ಇಲ್ಲಿಗೆ ಬಂದೆ. ಚಿಗರಿ ಬಸ್ ಹಿಡಿದರೆ ಧಾರವಾಡ ದೂರವೇನಲ್ಲ. ಇಷ್ಟು ಸರಳ ಕಾರಣ. ಆದರೆ ಫೋನಿನಲ್ಲಿ ಅವ್ವನಿಗೆ ಜಾಗದ ಹೆಸರು ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

"ಅದು ಕಳ್ಳರ ಓಣಿ ಅಲ್ಲೇನವಾ?"

ಅವ್ವ ಹುಬ್ಬಳ್ಳಿಗೆ ಎಂದೂ ಬಂದವಳಲ್ಲ. ಹೆಸರು ಮಾತ್ರ ನೂರೈವತ್ತು ಕಿಲೋಮೀಟರು ಆಚೆಗೂ ಹೋಗಿ ತಲುಪಿತ್ತು.

ಆ ಹೆಸರು ಹುಟ್ಟಿದ್ದು ಒಂದು ಕಾಯ್ದೆಯಿಂದ. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂತು. 1911ರಲ್ಲಿ ಅದನ್ನು ತಿದ್ದಿ ಬರೆದು ಮುಂಬಯಿ ಪ್ರಾಂತವೂ ಸೇರಿದಂತೆ ಎಲ್ಲ ಕಡೆಗೂ ಹಬ್ಬಿಸಿದರು. 1924ರಲ್ಲಿ ಮತ್ತೊಮ್ಮೆ ಕ್ರೋಡೀಕರಿಸಿದರು. ಸರಕಾರ ಒಂದು ಜನವರ್ಗವನ್ನು ಅಪರಾಧಿ ಬುಡಕಟ್ಟು ಎಂದು ಗೆಜೆಟ್ಟಿನಲ್ಲಿ ಪ್ರಕಟಿಸಿದರೆ ಸಾಕು, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿರಲಿಲ್ಲ. ಕಳವು ಮಾಡಿದ್ದಕ್ಕೆ ಶಿಕ್ಷೆಯಾದರೆ ಅದಕ್ಕೊಂದು ಅವಧಿಯಿರುತ್ತದೆ. ಹುಟ್ಟಿದ್ದಕ್ಕೆ ಅವಧಿಯೆಲ್ಲಿ? ಹೆಸರು ನೋಂದಣಿ, ಬೆರಳಚ್ಚು, ಗೊತ್ತಾದ ಹೊತ್ತಿಗೆ ಹಾಜರಿ, ಊರು ಬಿಟ್ಟು ಹೋಗಲು ಪಾಸು. ಇವೆಲ್ಲದರ ಮೇಲೆ, ಬೇಕೆನಿಸಿದವರನ್ನು ತಂದು ತಂತಿಬೇಲಿಯೊಳಗೆ ಕೂಡಿಸುವ ಅಧಿಕಾರ. ಆ ಬೇಲಿಯೊಳಗಿನ ಜಾಗವೇ ಸೆಟ್ಲ್‌ಮೆಂಟ್.

ನಮ್ಮ ಕಡೆಯವರಿಗೆ ತಿಳಿದಿರಬೇಕಾದ ಸಂಗತಿಯೆಂದರೆ ಮುಂಬಯಿ ಪ್ರಾಂತದಲ್ಲಿ ಈ ಕೆಲಸದ ಬೇರು ಇರುವುದು ನಮ್ಮದೇ ವಿಜಾಪುರ ಜಿಲ್ಲೆಯಲ್ಲಿ. ಈಗಿನ ಬಾಗಲಕೋಟೆ ಜಿಲ್ಲೆಯ ಬಹುಭಾಗ ಆಗ ಅದರೊಳಗಿತ್ತು. ಓ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ 1910ರ ಆಸುಪಾಸಿನಲ್ಲಿ ವಿಜಾಪುರದಲ್ಲಿ ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ ಜನರನ್ನು ಒಂದೆಡೆ ನೆಲೆಗೊಳಿಸುವ ಪ್ರಯೋಗ ಆರಂಭಿಸಿದ. ಮುಂದೆ ಅವನೇ ಇಡೀ ಪ್ರಾಂತದ ಸೆಟ್ಲ್‌ಮೆಂಟ್ ಅಧಿಕಾರಿಯಾದ. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ದೊಡ್ಡ ದೊಡ್ಡ ಸೆಟ್ಲ್‌ಮೆಂಟುಗಳು ಎದ್ದವು.

ಈ ಊರುಗಳೇ ಯಾಕೆ? ನಕಾಶೆ ಮುಂದಿಟ್ಟುಕೊಂಡರೆ ತಿಳಿಯುತ್ತದೆ. ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿಗಳು, ಗದಗದಲ್ಲಿ ಹತ್ತಿಯ ವ್ಯಾಪಾರ, ಹುಬ್ಬಳ್ಳಿಯಲ್ಲಿ ನೂಲಿನ ಗಿರಣಿ ಮತ್ತು ರೈಲ್ವೆ ಕಾರ್ಯಾಗಾರ. ದುಡಿಯುವ ಕೈ ಬೇಕಾದಲ್ಲಿ ದುಡಿಯುವವರನ್ನು ತಂದು ಇಟ್ಟರು. ಸ್ಟಾರ್ಟ್ ಇದನ್ನು ಮುಚ್ಚಿಡಲೂ ಇಲ್ಲ. ಪ್ರಾಮಾಣಿಕ ದುಡಿಮೆಯೇ ಸುಧಾರಣೆಯ ಮೊದಲ ಮೆಟ್ಟಿಲು ಎಂದು ಅವನು ನಂಬಿದ್ದ. ಆದರೆ ಅನುಮತಿಯಿಲ್ಲದೆ ಊರು ಬಿಡಲಾಗದ ಕೂಲಿಯವನಿಗಿಂತ ಅನುಕೂಲದ ಕೂಲಿಯವನು ಗಿರಣಿ ಮಾಲೀಕನಿಗೆ ಇನ್ನಾರು ಸಿಕ್ಕಾರು?

ಸ್ಟಾರ್ಟ್ ಬಗ್ಗೆ ಬರೆಯುವಾಗ ನನ್ನ ಕೈ ಹಲವು ಸಲ ತಡೆಯುತ್ತದೆ. ಅವನನ್ನು ಖಳನಾಯಕ ಮಾಡಿದರೆ ಪ್ರಬಂಧ ಸಲೀಸು. ಆದರೆ ಈ ಜನರ ಮಕ್ಕಳಿಗೆ ಶಾಲೆ ಬೇಕು, ಮನೆ ಬೇಕು ಎಂದು ಹಟ ಹಿಡಿದವನೂ ಅವನೇ. ಚೆನ್ನಾಗಿ ನಡೆದುಕೊಂಡ ಕುಟುಂಬಗಳನ್ನು ಬೇಲಿಯ ಹೊರಗೆ 'ಮುಕ್ತ ಕಾಲೋನಿ'ಗೆ ಕಳಿಸುವ ಪದ್ಧತಿ ಅಲ್ಲಿತ್ತು. ಮುಂಬಯಿ ಸರಕಾರ ದಲಿತರ ಮತ್ತು ಆದಿವಾಸಿಗಳ ಸ್ಥಿತಿ ಅರಿಯಲು 1928ರಲ್ಲಿ ನೇಮಿಸಿದ ಸಮಿತಿಗೆ ಅವನೇ ಅಧ್ಯಕ್ಷ. ಅಂಬೇಡ್ಕರ್, ಠಕ್ಕರ್ ಬಾಪಾ ಅದರ ಸದಸ್ಯರು. 1930ರಲ್ಲಿ ಬಂದ ಆ ವರದಿ ಇಂದಿಗೂ ಸ್ಟಾರ್ಟ್ ಸಮಿತಿ ವರದಿ ಎಂದೇ ಪ್ರಸಿದ್ಧ. ಒಳ್ಳೆಯ ಮನಸ್ಸಿನವನೊಬ್ಬ ತಂತಿಬೇಲಿಯನ್ನು ಒಪ್ಪಿಕೊಂಡು ಅದರೊಳಗೆ ಒಳ್ಳೆಯದನ್ನು ಮಾಡಲು ಹೊರಟಿದ್ದ. ಇದನ್ನು ಹೇಗೆ ಬರೆಯಬೇಕೆಂದು ನನಗಿನ್ನೂ ಕೈ ಕುದುರಿಲ್ಲ. ನನ್ನ ಮಾರ್ಗದರ್ಶಕರು ಆ ಅಧ್ಯಾಯವನ್ನು ಎರಡು ಸಲ ವಾಪಸು ಕಳಿಸಿದ್ದಾರೆ.

ಬೇರೆ ಪ್ರಾಂತಗಳಲ್ಲಿ ಈ ಕೆಲಸವನ್ನು ಸಾಲ್ವೇಶನ್ ಆರ್ಮಿ ವಹಿಸಿಕೊಂಡಿತ್ತು. ಅದರ ಮುಖ್ಯಸ್ಥ ಬೂತ್ ಟಕರ್ ಬರೆದ ಪುಸ್ತಿಕೆಯ ಹೆಸರೇ 'ಕ್ರಿಮಿನೋಕ್ಯೂರಾಲಜಿ', ಅಪರಾಧಕ್ಕೆ ಚಿಕಿತ್ಸೆ ಕೊಡುವ ಶಾಸ್ತ್ರ! ಹುಬ್ಬಳ್ಳಿಯ ಸೆಟ್ಲ್‌ಮೆಂಟಿಗೆ ಇರುವ ಕೆಟ್ಟ ಹೆಸರು ಆಂಧ್ರದ ಸ್ಟೂವರ್ಟ್‌ಪುರಂಗೂ ಇದೆ, ಅಹಮದಾಬಾದಿನ ಛಾರಾನಗರಕ್ಕೂ ಇದೆ. ಭಾಷೆ ಬೇರೆ, ಜನ ಬೇರೆ. ಆಟೋದವರ ಉತ್ತರ ಮಾತ್ರ ಒಂದೇ ಇದ್ದೀತು.

ಇನ್ನು ಅಲೆಯುತ್ತಿದ್ದವರೆಲ್ಲ ಕಳ್ಳರೇಕಾದರು ಎಂಬ ಪ್ರಶ್ನೆ. ಮದ್ರಾಸ್ ಪ್ರಾಂತದ ಕೊರವರ ಬಗ್ಗೆ ಮೀನಾ ರಾಧಾಕೃಷ್ಣ ಮಾಡಿದ ಅಧ್ಯಯನ ಈ ವಿಷಯದಲ್ಲಿ ನನಗೆ ಗುರು. ಕೊರವರು ಕತ್ತೆ, ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ವ್ಯಾಪಾರ ಮಾಡುತ್ತಿದ್ದರು. ಸರಕಾರದ ಉಪ್ಪಿನ ನೀತಿ ಒಂದು ಕಡೆಯಿಂದ, ರೈಲು ಇನ್ನೊಂದು ಕಡೆಯಿಂದ ಆ ಬದುಕನ್ನು ಕಿತ್ತುಕೊಂಡವು. ಕಸುಬು ಹೋದ ಮೇಲೂ ಅವರು ಅಲೆಯುತ್ತಲೇ ಇದ್ದರು. ಈಗ ಅವರ ಅಲೆದಾಟಕ್ಕೆ ಪೊಲೀಸರಿಗೆ ಅರ್ಥವಾಗುವ ಕಾರಣವಿರಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಊರ ದಾರಿ ಕಣ್ಣಿಗೆ ಬರುತ್ತಿತ್ತು. ಆ ಕಾಲದಲ್ಲಿ ಬೀಳಗಿಯಿಂದ ತೇರದಾಳಕ್ಕೆ ನಡೆದು ಹೋಗುವ ಬುಟ್ಟಿ ಹೆಣೆಯುವವನೊಬ್ಬನನ್ನು ನೆನೆಸಿಕೊಳ್ಳಿ. ಬೀಳಗಿ ಬ್ರಿಟಿಷರ ನೆಲ. ಮುಂದೆ ಜಮಖಂಡಿ, ಪಟವರ್ಧನರ ಸಂಸ್ಥಾನ. ರಬಕವಿ, ತೇರದಾಳ ಸಾಂಗಲಿಯವು. ದಕ್ಷಿಣಕ್ಕೆ ಹೊರಳಿದರೆ ಘೋರ್ಪಡೆಯವರ ಮುಧೋಳ. ಎರಡು ದಿನದ ನಡಿಗೆಯಲ್ಲಿ ಮೂರು ಸರಕಾರ. 1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಹೀಗೇ ಇತ್ತು. ಬುಟ್ಟಿಯವನಿಗೆ ಅದು ಒಂದೇ ದಾರಿ, ಸಂತೆಯಿಂದ ಸಂತೆಗೆ ಹೋಗುವ ದಾರಿ. ಗಡಿ ಕಾಯುವವನಿಗೆ ಮಾತ್ರ ಅವನು ಒಂದು ಸರಕಾರದ ಕೈ ತಪ್ಪಿಸಿ ಇನ್ನೊಂದರಲ್ಲಿ ಅಡಗುವವನಂತೆ ಕಾಣುತ್ತಾನೆ.

ಅವ್ವನ ತವರು ಮುಧೋಳದ ಕಡೆ; ಹಲಗಲಿ ಅಲ್ಲಿಗೆ ದೂರವಲ್ಲ. ಹಲಗಲಿ ಬೇಡರ ಕತೆ ಯಾರಿಗೆ ಗೊತ್ತಿಲ್ಲ? 1857ರಲ್ಲಿ ಕಂಪನಿ ಸರಕಾರ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ತಂದಾಗ ಬೇಡರು ಒಪ್ಪಿಸಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರು ಸುಟ್ಟಿತು. ಮುಧೋಳದಲ್ಲಿ ಸಂತೆಯ ದಿನ ಜನರೆದುರು ಕೆಲವರನ್ನು, ಹಲಗಲಿಯಲ್ಲಿ ಉಳಿದವರನ್ನು ಗಲ್ಲಿಗೇರಿಸಿದರು. ಒಟ್ಟು ಹತ್ತೊಂಬತ್ತು ಜನ. ಶಾಲೆಯಲ್ಲಿ ಆ ಲಾವಣಿಯನ್ನು ನಾವು ಬಾಯಿಪಾಠ ಮಾಡಿದ್ದೆವು. ಅವ್ವನಿಗೂ ಬರುತ್ತದೆ, ನನಗಿಂತ ಚೆನ್ನಾಗಿ.

1908ರಲ್ಲಿ ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಮೈಕೆಲ್ ಕೆನೆಡಿ ಪ್ರಾಂತದ 'ಅಪರಾಧಿ ವರ್ಗ'ಗಳ ಬಗ್ಗೆ ಒಂದು ಕೈಪಿಡಿ ಪ್ರಕಟಿಸಿದ. ಯಾವ ಜಾತಿಯವರು ಹೇಗಿರುತ್ತಾರೆ, ಏನು ತೊಡುತ್ತಾರೆ, ಹೇಗೆ ಕದಿಯುತ್ತಾರೆ ಎಂದು ಪೊಲೀಸರಿಗೆ ಕಲಿಸುವ ಪುಸ್ತಕ. ಅದರಲ್ಲಿ ಕೈಕಾಡಿಗಳಿದ್ದಾರೆ, ಕೊರವರಿದ್ದಾರೆ, ಛಪ್ಪರಬಂದರಿದ್ದಾರೆ. ಬೇಡರೂ ಇದ್ದಾರೆ. ಗ್ರಂಥಾಲಯದಲ್ಲಿ ಆ ಪುಟ ತೆರೆದ ದಿನ ನಾನು ಅವ್ವನಿಗೆ ಫೋನು ಮಾಡಿ ಹೇಳಿದೆ. "ಹಲಗಲಿಯವರನ್ನ?" ಅಂದಳು. ಹಲಗಲಿಯವರನ್ನಂತಲ್ಲ, ಆ ಇಡೀ ಜನವನ್ನ ಅಂದೆ. "ಅವರು ಯಾಕ ಕಳ್ಳರಾಗ್ತಾರ, ಅವರು ಶೂರರು" ಎಂದು ಸಿಟ್ಟಾದಳು. ಹಂಗಂದ್ರ ನಮ್ಮ ಓಣಿಯವರು? ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತೇನೋ.

ಮುಂಬಯಿ ಸರಕಾರ ಈ ಕಾಯ್ದೆಯನ್ನು 1949ರಲ್ಲಿ ರದ್ದು ಮಾಡಿತು. ಇಡೀ ದೇಶದಲ್ಲಿ ಅದು ಹೋದದ್ದು 1952ರ ಆಗಸ್ಟ್ 31ರಂದು. ಸ್ವಾತಂತ್ರ್ಯ ಬಂದ ಐದು ವರ್ಷದ ಮೇಲೆ. ಅದಕ್ಕೇ ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುವವರಿದ್ದಾರೆ. ಆದರೆ ಕಾಯ್ದೆ ಹೋಗುವ ಹೊತ್ತಿಗೆ 'ರೂಢಿಗತ ಅಪರಾಧಿ'ಗಳ ಹೆಸರಿನ ಕಾಯ್ದೆಗಳು ರಾಜ್ಯ ರಾಜ್ಯಗಳಲ್ಲಿ ತಲೆಯೆತ್ತಿದವು. ನಮ್ಮ ರಾಜ್ಯದ್ದು 1961ರದು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಚ್ಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 2024ರ ಅಕ್ಟೋಬರಿನಲ್ಲಿ. ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಪದ್ಧತಿಯನ್ನೂ ಆ ತೀರ್ಪು ಎತ್ತಿ ಆಡಿತು. ಆ ಸುದ್ದಿಯನ್ನು ನಾನು ಇದೇ ಓಣಿಯ ಚಹಾದಂಗಡಿಯಲ್ಲಿ ಮೊಬೈಲಿನಲ್ಲಿ ಓದಿ ಹೇಳಿದಾಗ ಅಂಗಡಿಯವರು, "ಈಗೇನ್ ಮಾಡ್ತಾರಂತ್ರಿ ಮತ್ತ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಬೇಲಿ ಈಗಿಲ್ಲ. ಈ ಭಾಗಕ್ಕೆ ಗಂಗಾಧರ ನಗರ ಎಂಬ ಹೆಸರಿದೆ. ಹೊರಗಿನವರ ಬಾಯಲ್ಲಿ ಮಾತ್ರ ಸೆಟ್ಲ್‌ಮೆಂಟೇ ಉಳಿದಿದೆ. ಮೊದಲ ದಿನ ನನ್ನ ಡಬ್ಬಿ ಹೊತ್ತು ತಂದ ಹುಡುಗ ಐಟಿಐ ಮುಗಿಸಿದ್ದಾನೆ. ಕೆಲಸದ ಅರ್ಜಿಗಳಲ್ಲಿ ಗಂಗಾಧರ ನಗರ ಎಂದಷ್ಟೇ ಬರೆಯುತ್ತಾನೆ. ಸಂದರ್ಶನದಲ್ಲಿ "ಅಂದ್ರ ಎಲ್ಲಿ ಬರ್ತದ ಅದು?" ಎಂದು ಕೇಳುತ್ತಾರಂತೆ. ಅವನು ಹೇಳುತ್ತಾನೆ. ಆಮೇಲೆ ಫೋನು ಬರುವುದಿಲ್ಲ.

ನಾನೇನು ದೊಡ್ಡವಳಲ್ಲ. ಬಂದ ತಿಂಗಳೊಳಗೆ ಒಂದು ಬ್ಯಾಂಕಿನಲ್ಲಿ ಖಾತೆಯ ವಿಳಾಸ ಬದಲಿಸಲು ಹೋಗಿದ್ದೆ. ಅಲ್ಲಿದ್ದವರು ನನ್ನ ಫಾರ್ಮು ನೋಡಿ, ದನಿ ತಗ್ಗಿಸಿ, "ಮೇಡಂ, ಊರಿನ ಅಡ್ರೆಸ್ಸೇ ಇರಲಿ ಬಿಡ್ರಿ, ನಾಳೆ ಲೋನ್‌ಗೀನ್ ಅಂದ್ರ ನಿಮಗ ತ್ರಾಸ ಆಗ್ತದ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಫಾರ್ಮು ಹರಿದು ಜಮಖಂಡಿ ಎಂದೇ ಇರಿಸಿ ಬಂದೆ. ಮನೆಗೆ ಬಂದು ಅಧ್ಯಾಯ ಬರೆಯಲು ಕುಳಿತರೆ ಒಂದು ಸಾಲೂ ಮುಂದುವರಿಯಲಿಲ್ಲ. ನನಗೆ ಹೇಳಿಕೊಳ್ಳಲು ಇನ್ನೊಂದು ಊರಿತ್ತು. ಆ ಹುಡುಗನಿಗೆ ಇರುವುದು ಇದೊಂದೇ.

ಪಕ್ಕದ ಮನೆಯ ಆಯಿಗೆ ಎಂಬತ್ತು ದಾಟಿದೆ. ಸಂಜೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಾಳೆ. ನಾನು ಏನು ಓದುತ್ತೇನೆಂದು ತಿಳಿದಾಗ ಬಹಳ ದಿನ ಏನೂ ಹೇಳಲಿಲ್ಲ. ಒಂದು ಸಂಜೆ ತಾನಾಗಿಯೇ ಶುರು ಮಾಡಿದಳು. ಅವಳಪ್ಪ ಗಿರಣಿಗೆ ಹೋಗುತ್ತಿದ್ದ. ಹಾಜರಿ ಕೂಗುವ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡಬಾರದು. ಮಕ್ಕಳು ಅತ್ತರೆ ಅವ್ವ ಬಾಯಿ ಮುಚ್ಚುತ್ತಿದ್ದಳು, ಎಲ್ಲಿ ಹೆಸರು ಕೇಳಿಸದೆ ಹೋಗುತ್ತದೋ ಎಂದು. ಸೋದರಮಾವ ಸತ್ತಾಗ ಪಾಸು ಸಿಕ್ಕಿ ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಇಷ್ಟನ್ನು ಹೇಳಿ, "ಆದ್ರ ಸಾಲಿ ಇತ್ತು. ನಾ ಮೂರನೇತ್ತೆ ಕಲ್ತೇನಿ" ಎಂದು ಸೇರಿಸಿದಳು, ತುಸು ಹೆಮ್ಮೆಯಿಂದಲೇ. ಮಾರ್ಗದರ್ಶಕರು ವಾಪಸು ಕಳಿಸಿದ ಅಧ್ಯಾಯ ನನಗೆ ನೆನಪಾಯಿತು.

ಕಳೆದ ತಿಂಗಳು ಆಯಿ ನನ್ನನ್ನು ಒಳಗೆ ಕರೆದಳು. ಮೊಮ್ಮಗಳಿಗೆ ಜಾತಿ ಪ್ರಮಾಣಪತ್ರ ಬೇಕು, ಕಚೇರಿಯಲ್ಲಿ ಹಳೆಯ ದಾಖಲೆ ಕೇಳುತ್ತಿದ್ದಾರೆ. ಹೊಲವಿಲ್ಲ, ಆದ್ದರಿಂದ ಉತಾರೆಯಿಲ್ಲ. ಆಯಿಯ ಸಾಲಿಯ ದಾಖಲೆ ಸಿಗಲಿಲ್ಲ. "ನೀ ಹಳೇ ಕಾಗದ ನೋಡ್ತಿಯಲ್ಲಾ, ಆ ಹಾಜರಿ ವಹಿಯೊಳಗ ನಮ್ಮಪ್ಪನ ಹೆಸರು ಜಾತಿ ಹಚ್ಚಿ ಬರೆದಿದ್ರು. ಅದು ಸಿಕ್ಕರ ಆಗ್ತದೇನು?"

ಆಗುತ್ತದೋ ಇಲ್ಲವೋ ನಾನು ಹೇಳಲಾರೆ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ರಾಜ್ಯ ಪತ್ರಾಗಾರವಿದೆ. ಅಲ್ಲಿ ನಾನು ಈವರೆಗೆ ನೋಡಿದ್ದು ಅಧಿಕಾರಿಗಳ ಪತ್ರಗಳು, ವಾರ್ಷಿಕ ವರದಿಗಳು, ಎಷ್ಟು ಜನ ಓಡಿಹೋದರು ಎಂಬ ಕೋಷ್ಟಕಗಳು. ಮನುಷ್ಯರ ಹೆಸರುಗಳು ಅಲ್ಲಲ್ಲಿ ಮಾತ್ರ ಸಿಗುತ್ತವೆ, ಅದೂ ಏನಾದರೂ ತಪ್ಪು ಮಾಡಿದಾಗ. ಮುಂದಿನ ತಿಂಗಳು ಮತ್ತೆ ಹೋಗುವವಳಿದ್ದೇನೆ ಎಂದೆ. ಆಯಿ ಮೊಮ್ಮಗಳ ಕೈಯಿಂದ ಒಂದು ಚೀಟಿ ಬರೆಸಿ ಕೊಟ್ಟಳು. ಅದರಲ್ಲಿ ಅಪ್ಪನ ಹೆಸರು ಎರಡು ಸಲ ಇತ್ತು, ಬೇರೆ ಬೇರೆಯಾಗಿ. ಮೊದಲನೆಯದು ಮನೆಯಲ್ಲಿ ಕರೆಯುತ್ತಿದ್ದುದು, ಎರಡನೆಯದು ಹಾಜರಿಯಲ್ಲಿ ಕೂಗುತ್ತಿದ್ದುದು.

"ಎರಡೂ ನೋಡು ಯವ್ವಾ," ಅಂದಳು. "ಯಾವುದರಾಗ ಬರದಾರೋ ಏನೋ."